ಬಲಗೈಯ ಮೂರು ಬರೆ

ಅಬ್ಬಿಗೆರೆಯ ಸೊಣ್ಣಮ್ಮನಿಗೆ ಎರಡೇ ಹೆಮ್ಮೆ. ಒಂದು, ದಿನಕ್ಕೆ ಎಂಟು ಸೇರು ಹಾಲು ಕೊಡುವ ಎಮ್ಮೆ. ಇನ್ನೊಂದು, ಓದಿದ ಸೊಸೆ. ಎಮ್ಮೆಯ ವಿಷಯವನ್ನು ದೃಷ್ಟಿಯಾದೀತೆಂದು ಆದಷ್ಟು ಮುಚ್ಚಿಡುತ್ತಿದ್ದಳು. ಸೊಸೆಯ ವಿಷಯವನ್ನು ಮಾತ್ರ ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಅರವತ್ತೆರಡನೇ ಇಸವಿ. ಊರಲ್ಲಿ ರುಜು ಹಾಕಬಲ್ಲ ಗಂಡಸರೇ ಬೆರಳೆಣಿಕೆಯಷ್ಟು. ಪುಸ್ತಕ ಹಿಡಿಯುವ ಹೆಂಗಸು ಎಂದರೆ ಸೊಣ್ಣಮ್ಮನ ಸೊಸೆ ರಾಮಲಕ್ಷ್ಮಮ್ಮ ಒಬ್ಬಳೇ. ಶನಿವಾರ ಸಾಯಂಕಾಲ ದೀಪ ಹಚ್ಚಿದ ಮೇಲೆ ಅವಳು ಶನಿದೇವರ ಕಥೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಸಾಲಿನ ಕೆಳಗೆ ಬೆರಳಾಡಿಸುತ್ತಾ, ಎಲ್ಲೂ ತಡವರಿಸದೆ ಕೊನೆಯವರೆಗೂ ಓದುತ್ತಿದ್ದಳು. ಪಕ್ಕದ ಮನೆಯ ಗೋಪಾಲಮ್ಮ, ಅವಳ ಹಿಂದೆ ಇನ್ನೂ ನಾಲ್ಕು ಮನೆಯವರು ಬಂದು ಕೈಮುಗಿದು ಕೂರುತ್ತಿದ್ದರು. ಹನ್ನೊಂದು ವರ್ಷದಿಂದ ಹೀಗೇ ನಡೆದಿತ್ತು.

ಆ ಓದು ಶುದ್ಧ ಸುಳ್ಳು. ರಾಮಲಕ್ಷ್ಮಮ್ಮನಿಗೆ ಓದಲು ಬರುತ್ತಿರಲಿಲ್ಲ. ಒಂದು ಸಾಲೂ ಬರುತ್ತಿರಲಿಲ್ಲ. ತವರಿನಲ್ಲಿ ಅಣ್ಣ ಓದುತ್ತಿದ್ದುದನ್ನು ಕೇಳಿ ಕೇಳಿ ಕಥೆ ಅವಳಿಗೆ ಬಾಯಿಗೆ ಬಂದಿತ್ತು. ಯಾವ ಮಾತಿಗೆ ಹಾಳೆ ಮಗುಚಬೇಕೆಂಬುದೂ ಗೊತ್ತಿತ್ತು. ಪ್ರತಿ ಶನಿವಾರ ಮಂಗಳಾರತಿಯ ಹೊತ್ತಿಗೆ ಅವಳು ಮನಸ್ಸಿನಲ್ಲೇ ದೇವರ ಹತ್ತಿರ ತಪ್ಪೊಪ್ಪಿಕೊಳ್ಳುತ್ತಿದ್ದಳು. ಬೇರೆ ದೇವರಾದರೆ ಹೇಗೋ ಏನೋ, ಶನಿದೇವರನ್ನು ಹನ್ನೊಂದು ವರ್ಷ ಏಮಾರಿಸಿದವಳಿಗೆ ನಿದ್ದೆ ಎಲ್ಲಿಂದ ಬರಬೇಕು!

ಅವಳೇನು ದಡ್ಡಿಯಲ್ಲ. ಸೋಲದೇವನಹಳ್ಳಿಯಲ್ಲಿ ಮುನಿಯಣ್ಣನ ಮಗಳಾಗಿ ಬೆಳೆಯುವಾಗ ಹಾಡು, ಒಗಟು, ಹಾಲಿನ ಲೆಕ್ಕ, ಎಲ್ಲದರಲ್ಲೂ ಮುಂದು. ಅಕ್ಷರ ಮಾತ್ರ ತಲೆಗೆ ಹತ್ತಲಿಲ್ಲ. ನೆನ್ನೆ ಕಲಿತ ಅಕ್ಷರ ಇವತ್ತು ಎದುರಿಗೆ ಬಂದರೆ ಗುರುತೇ ಸಿಗದು. ಅಪ್ಪ ಮೊದಲು ಸೋಮಾರಿತನ ಎಂದ, ಆಮೇಲೆ ಗಾಳಿ ಎಂದ, ಕೊನೆಗೆ ಬರೆ ಹಾಕುವವನನ್ನು ಕರೆಸಿದ. ಅವಳಿಗೆ ಆಗ ಒಂಬತ್ತು ವರ್ಷ. ಅಕ್ಷರ ಬರೆಯುವ ಕೈ ಎಂದು ಬಲಗೈಯ ಒಳಭಾಗದಲ್ಲಿ, ಮೊಣಕೈಗಿಂತ ಕೆಳಗೆ, ಕಾದ ಕಬ್ಬಿಣದ ಕಡ್ಡಿಯಿಂದ ಮೂರು ಗೆರೆ ಎಳೆದರು. ಗಾಯ ಮಾಯುವುದಕ್ಕೆ ಒಂದೂವರೆ ತಿಂಗಳು ಬೇಕಾಯಿತು. ಅಷ್ಟರಲ್ಲಿ ಹುಡುಗಿ ಒಂದು ವಿದ್ಯೆ ಕಲಿತಳು. ಅಣ್ಣನ ಕೈಲಿ ಪಾಠವನ್ನು ಒಂದು ಸಲ ಓದಿಸಿಕೊಳ್ಳುವುದು, ಪುಸ್ತಕ ಬಿಡಿಸಿ ಬೆರಳಾಡಿಸುತ್ತಾ ಅದನ್ನೇ ಒಪ್ಪಿಸುವುದು. ಊರೆಲ್ಲ ಬೆರಗಾಯಿತು. ಬರೆ ಕೆಲಸ ಮಾಡಿತು ಎಂದರು. ಅಬ್ಬಿಗೆರೆಯಿಂದ ಹೆಣ್ಣು ಕೇಳಲು ಬಂದವರಿಗೆ ಹುಡುಗಿ ಓದಿದವಳು ಎಂದರು, ಕೈಮೇಲಿನ ಕಲೆ ಕಾಮಾಲೆಗೆ ಹಾಕಿಸಿದ್ದು ಎಂದರು. ಸೊಣ್ಣಮ್ಮ ಎರಡನ್ನೂ ನಂಬಿ ತುಂಬಿದ ಮನಸ್ಸಿನಿಂದ ಸೊಸೆಯನ್ನು ಮನೆತುಂಬಿಸಿಕೊಂಡಳು.

ಈಗ ರಾಮಲಕ್ಷ್ಮಮ್ಮನ ಮಗಳು ನಾರಾಯಣಮ್ಮನಿಗೆ ಒಂಬತ್ತು. ಮನೆಯಲ್ಲಿ ನಾಣಿ ಅಂತ ಕರೆಯುತ್ತಿದ್ದರು. ಮೂರನೇ ಕ್ಲಾಸು. ಒಂದು ದಿನ ನಾಣಿ ಪಡಸಾಲೆಯಲ್ಲಿ ಪಾಠ ಓದುತ್ತಿದ್ದಳು, ಒಳಗೆ ರಾಮಲಕ್ಷ್ಮಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಸುಮ್ಮನೆ ಬಗ್ಗಿ ನೋಡಿದರೆ ಹುಡುಗಿಯ ಕಣ್ಣು ಅಂಗಳದ ಕರುವಿನ ಮೇಲಿದೆ, ಬಾಯಿ ಪಾಠ ಹೇಳುತ್ತಿದೆ, ಬೆರಳು ಹಾಳೆಯ ಮೇಲೆ ತನ್ನ ಪಾಡಿಗೆ ತಾನು ಹೋಗುತ್ತಿದೆ. ಸಾಲು ಮುಗಿದರೂ ಬೆರಳು ನಿಲ್ಲಲಿಲ್ಲ, ಪುಸ್ತಕ ದಾಟಿ ಚಾಪೆಯ ಮೇಲೆ ಬಂತು. ಕೈಯಲ್ಲಿದ್ದ ಜರಡಿಯನ್ನು ಎಲ್ಲಿ ಇಟ್ಟಳೋ ರಾಮಲಕ್ಷ್ಮಮ್ಮನಿಗೇ ತಿಳಿಯಲಿಲ್ಲ. ಆ ಬೆರಳು ಅವಳದೇ. ಅವಳ ಹೊಟ್ಟೆಯಿಂದಲೇ ಹೋದದ್ದು.

ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಯಾರಿಗೆ? ಗಂಡ ಆಂಜಿನಪ್ಪ ಯಶವಂತಪುರದ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಲೆಕ್ಕ ಕೂಗುವ ಕೆಲಸದವನು. ತನ್ನ ಹೆಂಡತಿ ಓದಿದವಳು ಎಂದು ಶೆಡ್ಡಿನಲ್ಲೆಲ್ಲ ಹೇಳಿಕೊಂಡಿದ್ದ. ಮಗು ಹೇಗೋ ದಾಟಿಕೊಳ್ಳುತ್ತಾಳೆ, ನಾನು ದಾಟಲಿಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಗುಟ್ಟು ರಟ್ಟಾಗುವುದಕ್ಕೆ ತಿಂಗಳೂ ಹಿಡಿಯಲಿಲ್ಲ.

ಸ್ಕೂಲಿನ ಮೇಷ್ಟರು ನರಸಿಂಹಯ್ಯನವರು ಒಂದು ಮಂಗಳವಾರ ಮನೆಗೇ ಬಂದರು. ಸಣಕಲು ಮನುಷ್ಯ, ಕೋಪಿಷ್ಠ, ಆದರೆ ಸುಳ್ಳು ಹೇಳುವವರಲ್ಲ. ಇನ್ನೂ ಹೇಳಿಕೊಡದ ಪಾಠ ತೆಗೆದು ಓದು ಎಂದರಂತೆ, ನಾಣಿ ಹಿಂದಿನ ಪಾಠವನ್ನೇ ಹೇಳಿದಳಂತೆ. ಬಾಯಿಲೆಕ್ಕದಲ್ಲಿ ಇಡೀ ಸ್ಕೂಲಿಗೆ ಅವಳೇ ಮುಂದು, ಕೇಳಿದ್ದನ್ನು ಒಂದೇ ಸಲಕ್ಕೆ ಒಪ್ಪಿಸುತ್ತಾಳೆ, ಓದು ಎಂದರೆ ಮಾತ್ರ ಒಂದಕ್ಷರ ಇಲ್ಲ, ಇದೇನೋ ನನಗಂತೂ ಅರ್ಥವಾಗಿಲ್ಲ ಎಂದರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಂಥವರನ್ನು ಇನ್ನೂ ಇಬ್ಬರನ್ನು ನೋಡಿದ್ದರಂತೆ. ಇಬ್ಬರನ್ನೂ ಚೆನ್ನಾಗಿ ಬಾರಿಸಿದರಂತೆ, ಒಬ್ಬ ಊರು ಬಿಟ್ಟು ಓಡಿಹೋದನಂತೆ. ಹೋಗುವಾಗ ರಾಮಲಕ್ಷ್ಮಮ್ಮನ ಕಡೆ ತಿರುಗಿ, ನೀವೇ ಓದಿದವರು, ದಿನಾ ಅರ್ಧ ಗಂಟೆ ಕೂರಿಸಿಕೊಳ್ಳಿ ತಾಯಿ ಎಂದರು. ಅವಳು ತಲೆಯಾಡಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ಸೆರಗಿನಿಂದ ಬಲಗೈ ಮುಚ್ಚಿಕೊಂಡಳು.

ಸೊಣ್ಣಮ್ಮನಿಗೆ ಇದು ನುಂಗಲಾರದ ತುತ್ತಾಯಿತು. "ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರೆ. ನೂಲು ಇಷ್ಟು ಚೆಂದಾಗೈತೆ, ಸೀರೆ ಎಂಗೆ ಕೆಟ್ಟೋಯ್ತು?" ಎಂದು ದಿನವೆಲ್ಲ ಗೊಣಗಿದಳು. ತಾಯಿಯಲ್ಲಿ ಐಬಿಲ್ಲವೆಂದ ಮೇಲೆ ಇದು ಹೊರಗಿನಿಂದ ಬಂದದ್ದೇ ಸರಿ ಎಂದು ತೀರ್ಮಾನಿಸಿ ಚಿಕ್ಕಬಾಣಾವರದ ಪಿಳ್ಳಣ್ಣನಿಗೆ ಹೇಳಿಕಳಿಸಿದಳು.

ಪಿಳ್ಳಣ್ಣ ಗುರುವಾರ ಬಂದ. ಅರವತ್ತು ದಾಟಿದ ಮನುಷ್ಯ. ದನಕ್ಕೂ ಬರೆ ಹಾಕುತ್ತಿದ್ದ, ಮನುಷ್ಯರಿಗೂ ಹಾಕುತ್ತಿದ್ದ. ಕೆಟ್ಟವನೇನಲ್ಲ, ಹಾಕಿದ್ದಕ್ಕೆ ಎಲೆ ಅಡಿಕೆಗಿಂತ ಹೆಚ್ಚು ಮುಟ್ಟುತ್ತಿರಲಿಲ್ಲ. ಜಗುಲಿಯ ಮೇಲೆ ಕೂತು ನಾಣಿಯ ಬಲಗೈ ಹಿಡಿದು, ಅದುಮಿ ನೋಡಿ, ನರದಲ್ಲಿ ಕಟ್ಟಿಕೊಂಡಿದೆ, ಬಿಸಿ ತಾಗಿದರೆ ಬಿಡುತ್ತೆ ಎಂದ. ಬಾಗಿಲ ಹಿಂದೆ ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದ ರಾಮಲಕ್ಷ್ಮಮ್ಮ ಆ ದನಿ ಕೇಳಿ ಚೊಂಬನ್ನು ಅಲ್ಲೇ ನೆಲಕ್ಕಿಟ್ಟಳು. ಮುಖ ಮರೆತಿದ್ದಳು, ದನಿ ಮರೆತಿರಲಿಲ್ಲ. ಅವನೇ ಇವನು.

ಸೊಣ್ಣಮ್ಮ ಗಟ್ಟಿಗಿತ್ತಿ, ಗುಣವಾಗುತ್ತೆ ಅನ್ನುವುದಕ್ಕೆ ಏನು ಗ್ಯಾರಂಟಿ ಎಂದು ಕೇಳಿದಳು. ಪಿಳ್ಳಣ್ಣ ನಕ್ಕ.

"ಕೆರೆ ಆಚೆ ಒಂದೂರು. ಒಂದು ಎಣ್ಣು ಮಗ. ಎಸರು ಏಳಲ್ಲ, ಎಣ್ಮಕ್ಕಳ ಎಸರು ಏಳಬಾರ್ದು. ಇದೇ ಕಾಯಿಲೆ. ಮೂರು ಬರೆ ಆಕ್ದೆ. ಎರಡು ತಿಂಗ್ಳಿಗೆ ಗಿಣಿ ಅಂಗೆ ಓದ್ತು ಕಣವ್ವ. ಇವತ್ತು ಎಲ್ಲೋ ಒಳ್ಳೆ ಮನೆ ಸೇರಿ ಪುರಾಣ ಓದ್ಕೊಂಡೈತಂತೆ."

ಕೇಳಿಸಿಕೊಂಡಿರಲ್ಲ! ರಾಮಲಕ್ಷ್ಮಮ್ಮ ಹೆದರಿ ಆಡಿದ ನಾಟಕ ಹತ್ತೊಂಬತ್ತು ವರ್ಷ ಊರೂರು ತಿರುಗಿ, ಸಾಕ್ಷಿಯಾಗಿ ಅವಳ ಮಗಳ ಬಾಗಿಲಿಗೇ ಬಂದು ಕೂತಿತ್ತು. ಸೊಣ್ಣಮ್ಮ ಒಪ್ಪಿದಳು. ಭಾನುವಾರ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಎಂದು ನಿಶ್ಚಯವಾಯಿತು.

ಆ ಮೂರು ದಿನ ರಾಮಲಕ್ಷ್ಮಮ್ಮ ಬದುಕಿದ್ದು ಹೇಗೆ ಎಂದು ಕೇಳಬೇಡಿ. ಬಾಯಿಬಿಟ್ಟರೆ ಮೋಸದ ಮದುವೆ ಎಂದು ತವರಿಗೆ ಅಟ್ಟುತ್ತಾರೆ. ಅಟ್ಟಿದರೆ ಮಗಳನ್ನು ಜೊತೆಗೆ ಕಳಿಸುತ್ತಾರೆಯೇ? ಕಳಿಸುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮಗಳ ಕೈ ಸುಡುತ್ತಾರೆ, ಅದೂ ತನ್ನ ಕಥೆ ಹೇಳಿಕೊಂಡೇ. ಗಂಡನಿಗೆ ಬೇಡ ಅನ್ನಿ ಎಂದು ಕೇಳಿಕೊಂಡಳು. ಅವ್ವ ನಮ್ಮ ಕೆಟ್ಟದ್ದಕ್ಕೆ ಮಾಡ್ತಾಳಾ, ನಿಂಗೂ ಕಾಮಾಲೆ ಬರೆಯಿಂದ್ಲೇ ವಾಸಿಯಾಗಿದ್ದಲ್ವಾ ಎಂದು ಅವನು ಸೈಕಲ್ ಹತ್ತಿದ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ.

ಉಳಿದದ್ದು ಒಂದೇ ದಾರಿ. ಭಾನುವಾರದೊಳಗೆ ನಾಣಿ ಒಂದು ಹಾಳೆಯನ್ನಾದರೂ ನಿಜವಾಗಿ ಓದಬೇಕು. ರಾಮಲಕ್ಷ್ಮಮ್ಮ ಮಧ್ಯಾಹ್ನ ಮಗಳನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಪುಸ್ತಕ ಬಿಡಿಸಿದಳು. ತಾಯಿಗೂ ಬಾರದು, ಮಗಳಿಗೂ ಬಾರದು. ತಾಯಿ ಓದು ಅನ್ನುವಳು, ಮಗಳು ಬೆವರುವಳು. ಹೊರಗೆ ಕೂತ ಸೊಣ್ಣಮ್ಮ, ಸೊಸೆ ಎಷ್ಟು ಕಷ್ಟಪಟ್ಟು ಹೇಳಿಕೊಡ್ತಾಳೆ ಪಾಪ ಎಂದು ಗೋಪಾಲಮ್ಮನಿಗೆ ಹೇಳುತ್ತಿದ್ದುದು ಒಳಗೆ ಕೇಳುತ್ತಿತ್ತು.

ಶನಿವಾರ ಮಧ್ಯಾಹ್ನ ನಾಣಿ ಒಂದು ಪದದ ಮೇಲೆ ಬೆರಳಿಟ್ಟು ಅಮ್ಮನ ಮುಖ ನೋಡಿದಳು. "ಅಮ್ಮ, ಇದೊಂದು ಏನೂಂತ ಹೇಳು. ಇದೊಂದೇ. ಮಿಕ್ಕಿದ್ದು ನಾನೇ ನೆಪ್ಪಿಟ್ಕೋತೀನಿ."

ಹೇಳಲು ಏನಿತ್ತು? ರಾಮಲಕ್ಷ್ಮಮ್ಮ ಆ ಪದವನ್ನು ನೋಡಿದಳು, ಮಗಳ ಮುಖವನ್ನು ನೋಡಿದಳು, ಕೈ ಎತ್ತಿ ಕೆನ್ನೆಗೆ ಬಾರಿಸಿಬಿಟ್ಟಳು. ಹುಡುಗಿ ಅಳಲಿಲ್ಲ. ಪುಸ್ತಕ ಮುಚ್ಚಿ ಮೂಲೆಗೆ ಹೋಗಿ ಗೋಡೆಗೆ ಬೆನ್ನಾನಿಸಿ ಕೂತಳು. ಇಷ್ಟು ಓದಿದ ಅಮ್ಮನಿಗೆ ಎಂಥಾ ಮಗಳಾಗಿ ಹುಟ್ಟಿದೆ ಎಂದು ಆ ಮಗು ಅಂದುಕೊಳ್ಳುತ್ತಿದೆ ಎಂಬುದು ತಾಯಿಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಆಂಜಿನಪ್ಪ ಪಾಳಿಗೆ ಹೋದ ಮೇಲೆ ಪಿಳ್ಳಣ್ಣ ಬಂದ. ಮೇಷ್ಟರೂ ಬಂದರು. ಇದೆಲ್ಲ ಬೇಡ ಎಂದು ಹೇಳಲು ಬಂದವರು, ಹಾಗಾದರೆ ನೀವೇ ಓದು ಬರಿಸಿಕೊಡಿ ಎಂದು ಸೊಣ್ಣಮ್ಮ ತಿರುಗಿಬಿದ್ದಾಗ ಕಂಬಕ್ಕೆ ಒರಗಿ ನಿಂತುಬಿಟ್ಟರು. ಅಂಗಳದಲ್ಲಿ ಅಗ್ಗಿಷ್ಟಿಕೆಯ ಕೆಂಡ ಬೀಸಿ, ಅದರೊಳಗೆ ಕಡ್ಡಿ ತುರುಕಿದರು. ಬೆರಳುದ್ದದ ಕಡ್ಡಿ, ಹಿಡಿಯಲು ಮರದ ಹಿಡಿ. ಗೋಪಾಲಮ್ಮ ನಾಣಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡೂ ತೋಳು ಹಿಡಿದಳು. ಆಮೇಲೆ ಹಚ್ಚುವುದಕ್ಕೆ ಹರಳೆಣ್ಣೆ ತಾ ಎಂದು ಸೊಣ್ಣಮ್ಮ ಸೊಸೆಗೆ ಹೇಳಿದಳು.

ರಾಮಲಕ್ಷ್ಮಮ್ಮ ಎಣ್ಣೆ ಬಟ್ಟಲು ತಂದಳು. ತಂದು ನಿಂತಳು. ಕಾಲು ಮುಂದೂ ಹೋಗದು, ಹಿಂದೂ ಹೋಗದು. ಕಡ್ಡಿಯ ತುದಿ ಕೆಂಪಾಗುತ್ತಿತ್ತು. ಸುಟ್ಟ ಚರ್ಮದ ವಾಸನೆ ಇನ್ನೂ ಬರಬೇಕಾದದ್ದು ಅವಳ ಮೂಗಿಗೆ ಆಗಲೇ ಬಂದಿತ್ತು. ಅಷ್ಟರಲ್ಲಿ ನಾಣಿ ಬಾಯಿಬಿಟ್ಟಳು. "ಓದ್ತೀನಜ್ಜಿ, ಈಗ ಓದ್ತೀನಿ" ಎಂದು, ಕೈಯಲ್ಲಿ ಪುಸ್ತಕವೇ ಇಲ್ಲದೆ, ಮೊದಲನೇ ಪಾಠದಿಂದ ಗಡಗಡನೆ ಒಪ್ಪಿಸತೊಡಗಿದಳು. ಗೋಪಾಲಮ್ಮ ಹಿಡಿದ ಕೈಯ ತೋರುಬೆರಳು ಮಾತ್ರ ಗಾಳಿಯಲ್ಲಿ ಸಾಲು ಹಿಡಿದು ಹೋಗುತ್ತಿತ್ತು. ಮೇಷ್ಟರು ಮುಖ ಆ ಕಡೆ ತಿರುಗಿಸಿದರು.

"ಎದರ್ಕೋಬೇಡ ಮಗ," ಎಂದ ಪಿಳ್ಳಣ್ಣ, ಕಡ್ಡಿ ತೆಗೆಯುತ್ತಾ. "ಆ ಉಡುಗೀನೂ ಇಂಗೇ ಎದರ್ಕೊಂಡಿತ್ತು. ಆಮೇಲೆ ಓದ್ಲಿಲ್ವಾ?"

"ಓದ್ಲಿಲ್ಲ."

ಅಂದವರು ಯಾರೆಂದು ಎಲ್ಲರೂ ತಿರುಗಿ ನೋಡಿದರು. ರಾಮಲಕ್ಷ್ಮಮ್ಮನೂ ಒಂದು ಗಳಿಗೆ ಹಾಗೇ ನೋಡಿದಳು, ದನಿ ಅಷ್ಟು ಹೊರಗಿನದಾಗಿ ಕೇಳಿಸಿತ್ತು. ಆಮೇಲೆ ಎಣ್ಣೆ ಬಟ್ಟಲು ಕೆಳಗಿಟ್ಟು, ಮುಂದೆ ಬಂದು, ಪಿಳ್ಳಣ್ಣನಿಗೂ ಮಗಳಿಗೂ ನಡುವೆ ಕುಕ್ಕುರುಗಾಲಲ್ಲಿ ಕೂತು, ಬಳೆ ಹಿಂದಕ್ಕೆ ಸರಿಸಿ ಬಲಗೈ ಚಾಚಿದಳು.

"ಇದು ಕಾಮಾಲೆಗೆ ಹಾಕಿದ್ದಲ್ಲ, ಅತ್ತೆ. ಇವರೇ ಹಾಕಿದ್ದು. ಸೋಲದೇವನಹಳ್ಳಿ ಮುನಿಯಣ್ಣನ ಮಗಳು ನಾನು. ಆವತ್ತೂ ಓದ್ಲಿಲ್ಲ, ಇವತ್ತೂ ಓದಕ್ಕೆ ಬರಲ್ಲ. ಶನಿವಾರದ ಕಥೆ ಬಾಯಲ್ಲಿರೋದು. ಸುಟ್ಟಿದ್ದಕ್ಕೆ ನಂಗೆ ಬಂದಿದ್ದು ಓದಲ್ಲ, ಸುಳ್ಳು ಹೇಳೋದು."

ಮೊದಲು ದನಿ ಎತ್ತಿದವನು ಪಿಳ್ಳಣ್ಣ. ಮಗಳನ್ನು ಉಳಿಸಿಕೊಳ್ಳಲು ಈ ಹೆಂಗಸು ಕಥೆ ಕಟ್ಟುತ್ತಿದ್ದಾಳೆ ಎಂದ. ಸೊಣ್ಣಮ್ಮ ಸೊಸೆಯ ಮುಖವನ್ನೇ ನೋಡುತ್ತಿದ್ದಳು. ನಿಜವೋ ಸುಳ್ಳೋ ತಿಳಿಯುವುದು ಹೇಗೆ? ಅವಳಿಗೂ ಓದು ಬಾರದು, ಗೋಪಾಲಮ್ಮನಿಗೂ ಬಾರದು, ಪಿಳ್ಳಣ್ಣನಿಗೂ ಬಾರದು. ಕೊನೆಗೆ ಎಲ್ಲರ ಕಣ್ಣೂ ಮೇಷ್ಟರ ಕಡೆ ತಿರುಗಿತು.

ಮೇಷ್ಟರು ಜೇಬಿನಿಂದ ತಮ್ಮ ಅಕ್ಕ ಬರೆದಿದ್ದ ಇನ್‌ಲ್ಯಾಂಡ್ ಪತ್ರ ತೆಗೆದು, ಬಿಡಿಸಿ, ಅವಳ ಮುಂದೆ ಹಿಡಿದರು. ಓದಿ ತಾಯಿ ಎಂದರು. ಇಪ್ಪತ್ತೆಂಟು ವರ್ಷದ ಹೆಂಗಸು, ಒಂದು ಮಗುವಿನ ತಾಯಿ, ಒಂಬತ್ತು ವರ್ಷದವಳಾಗಿಬಿಟ್ಟಳು. ಹಣೆಯಲ್ಲಿ ಬೆವರು ಒಡೆಯಿತು. ಬೆರಳು ಅಭ್ಯಾಸಬಲದಿಂದ ಸಾಲಿನ ಕೆಳಗೆ ಹೋಯಿತು. ತುಟಿ ಒದ್ದೆ ಮಾಡಿಕೊಂಡಳು, ಒಂದು ಸಲ ಗಂಟಲು ಸರಿಮಾಡಿಕೊಂಡಳು, ಪತ್ರ ಬಿಟ್ಟು ಮೇಷ್ಟರ ಮುಖದಲ್ಲಿ ಏನಾದರೂ ಸಿಕ್ಕೀತೇ ಎಂದು ನೋಡಿದಳು. ಬಾಯಿಂದ ಏನೂ ಬರಲಿಲ್ಲ.

ಮೇಷ್ಟರು ಪತ್ರ ಮಡಿಸಿದರು.

"ಇದೇ. ನಾಣೀನೂ ಹೀಗೇ ಮಾಡೋದು. ತುಟಿ ಒದ್ದೆ ಮಾಡ್ಕೊಳ್ಳೋದು, ನನ್ನ ಮುಖ ನೋಡೋದು. ಆ ಹುಡುಗರಿಬ್ಬರೂ ಹೀಗೇ ಮಾಡ್ತಿದ್ರು. ಕೊಬ್ಬು ಅಂದ್ಕೊಂಡು ಹೊಡೆದೆನಲ್ಲ."

ಪಿಳ್ಳಣ್ಣ ಕಡ್ಡಿಯನ್ನು ಕೆಂಡಕ್ಕೆ ವಾಪಸ್ ಇಟ್ಟು, ರಾಮಲಕ್ಷ್ಮಮ್ಮನ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡ. ಕಣ್ಣು ಮಂಜು, ಹೆಬ್ಬೆರಳಿನಿಂದ ಮೂರೂ ಗೆರೆ ಸವರಿ ನೋಡಿದ. ತನ್ನ ಕೈಕೆಲಸ ಅವನಿಗೆ ಗೊತ್ತಾಯಿತು.

"ನಿನ್ನ ಕಥೆ ಏಳಿ ಇನ್ನೂ ಏಳು ಮಕ್ಕಳಿಗೆ ಆಕಿದೀನಲ್ಲವ್ವ," ಎಂದ. "ಏಳು ಮಕ್ಕಳು."

ಆ ಏಳು ಮಕ್ಕಳು ಯಾವ ಊರಲ್ಲಿದ್ದಾರೋ, ಯಾರ ಮುಂದೆ ಬೆರಳಾಡಿಸುತ್ತಾ ಕೂತಿದ್ದಾರೋ ಎನ್ನಿಸಿತು ರಾಮಲಕ್ಷ್ಮಮ್ಮನಿಗೆ.

ಸೊಣ್ಣಮ್ಮ ಎದ್ದಳು. ಕೆಂಡಕ್ಕೆ ನೀರುಯ್ಯಿ ಎಂದು ಪಿಳ್ಳಣ್ಣನಿಗೆ ಹೇಳಿದಳು, ಮಗೀನ ಬಿಡು ಎಂದು ಗೋಪಾಲಮ್ಮನಿಗೆ ಹೇಳಿದಳು. ಸೊಸೆಯ ಹತ್ತಿರ ಬಂದು ನಿಂತು, ಹೊಡೆಯುತ್ತಾಳೇನೋ ಎಂದು ಎಲ್ಲರೂ ಅಂದುಕೊಳ್ಳುವಷ್ಟರಲ್ಲಿ, ಮೆಲ್ಲಗೆ ಹೇಳಿದಳು. "ದೀಪದ ಮುಂದೆ ಅನ್ನೊಂದು ವರ್ಸ ನನ್ನ ಕೂರಿಸ್ದೆ. ನಾನು ಕೈಮುಗಿದೆ. ಆಂಜಿನಪ್ಪ ಬರ್ಲಿ. ಅವ್ನಿಗೆ ನೀನೇ ಏಳು, ನಾನು ಏಳಲ್ಲ." ಅಷ್ಟು ಹೇಳಿ ಕೊಟ್ಟಿಗೆಗೆ ಹೋದಳು. ಎಮ್ಮೆಯ ಹತ್ತಿರ ಅವಳು ಮೂಗು ಸೀಟಿಕೊಳ್ಳುವುದು ಅಂಗಳಕ್ಕೆ ಕೇಳಿಸಿತು.

ಮೇಷ್ಟರಿಗೆ ಏನು ಮಾಡಬೇಕೋ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದರು. ನಾಣಿಯನ್ನು ಇನ್ನು ಹೊಡೆಯುವುದಿಲ್ಲ, ಬಾಯಲ್ಲಿ ಹೇಳಿದ ಉತ್ತರವನ್ನೇ ಪಾಸು ಮಾಡಿಕೊಳ್ಳುತ್ತೇನೆ, ಅಕ್ಷರವನ್ನು ಮೊದಲಿನಿಂದ, ವಾರಕ್ಕೊಂದಾದರೂ ಸರಿ, ಬೇರೆ ಏನಾದರೂ ರೀತಿಯಲ್ಲಿ ಕಲಿಸಿ ನೋಡುತ್ತೇನೆ ಎಂದರು. ಬಾಗಿಲ ಹತ್ತಿರ ಹೋದವರು ನಿಂತು, ನೀವೂ ಜೊತೆಗೆ ಬನ್ನಿ ತಾಯಿ, ಅವಳಿಗೆ ಏನಾಗುತ್ತೆ ಅಂತ ನನಗೆ ಹೇಳೋರು ನೀವೊಬ್ಬರೇ ಎಂದರು. ಸಂಜೆ ಈ ಮನೆಯಲ್ಲಿ ತಾನು ಇರುತ್ತೇನೋ ಇಲ್ಲವೋ ರಾಮಲಕ್ಷ್ಮಮ್ಮನಿಗೇ ಗೊತ್ತಿರಲಿಲ್ಲ. ಸೈಕಲ್ಲಿನ ಸದ್ದಾದರೆ ಬಾಗಿಲ ಕಡೆ ತಿರುಗುತ್ತಿದ್ದಳು, ಆದರೆ ಆಂಜಿನಪ್ಪ ಬರುವುದಕ್ಕೆ ಇನ್ನೂ ಎಂಟು ಗಂಟೆ ಇತ್ತು.

ಎಲ್ಲರೂ ಹೋದ ಮೇಲೆ ಅಂಗಳದಲ್ಲಿ ತಾಯಿ ಮಗಳು ಇಬ್ಬರೇ ಉಳಿದರು. ನಾಣಿ ಹತ್ತಿರ ಬಂದು ಅಮ್ಮನ ಕೈಯ ಕಲೆಯನ್ನು ಮುಟ್ಟದೆ ನೋಡಿದಳು. ಆಮೇಲೆ ಕೇಳಿದಳು. "ನಿಂಗೂ ಹಂಗೇನಾ ಅಮ್ಮ? ನೆನ್ನೆ ನೋಡಿದ್ದು ಇವತ್ತು ಯಾರೋ ಏನೋ ಆಗೋಗುತ್ತಾ?"

"ಹೂಂ ಕಣೆ. ನಂಗೂ ಹಂಗೇ."

ಹುಡುಗಿಯ ಮುಖ ಅರಳಿತು. ಹುಟ್ಟಿದಾಗಿನಿಂದ ತಾನೊಬ್ಬಳೇ ಎಂದುಕೊಂಡಿದ್ದವಳಿಗೆ ಜೊತೆ ಸಿಕ್ಕಿತ್ತು. ಆದರೆ ಅದು ಒಂದೇ ಗಳಿಗೆ. ಹುಬ್ಬು ಗಂಟಿಕ್ಕಿತು, ಈ ಮೂರು ದಿನದಲ್ಲಿ ಬರದಿದ್ದ ಅಳು ಈಗ ಬಂತು.

"ಹಂಗಾದ್ರೆ ನೆನ್ನೆ ಯಾಕೆ ಹೊಡ್ದೆ?"

ರಾಮಲಕ್ಷ್ಮಮ್ಮ ಮಗಳನ್ನು ಎಳೆದು ತಬ್ಬಿಕೊಳ್ಳಲು ಹೋದಳು. ನಾಣಿ ಬರಲಿಲ್ಲ, ಉತ್ತರಕ್ಕಾಗಿ ನಿಂತೇ ಇದ್ದಳು.

"ಹೆದ್ರಿಕೆ ಆಯ್ತು ಕಣೆ," ಎಂದಳು ತಾಯಿ. "ಈಗ್ಲೂ ಆಗ್ತಿದೆ."